ಪರಸ್ಥಾನಕ್ಕಿಟ್ಟ ಪೆಟ್ಟಿಗೆ

ಡಾಕ್ಟ್ರಮ್ಮ ಏನನ್ನೇ ಎತ್ತಿದರೂ ಒಂದು ಅಂಗೈಯನ್ನು ಅದರ ಅಡಿಗೆ ಕೊಟ್ಟೇ ಎತ್ತುತ್ತಿದ್ದರು. ಕಾಫಿ ಲೋಟವಾಗಲಿ, ಕುಂಬಳಕಾಯಾಗಲಿ, ಆಗತಾನೇ ಹುಟ್ಟಿದ ಕೂಸಿನ ತಲೆಗೆ ಆಸರೆ ಕೊಡುವ ಹಾಗೆ ಬೆರಳು ಅಗಲಿಸಿ, ಮೆಲ್ಲಗೆ. ಮೊದಲ ಸಲ ನನ್ನ ಅಂಗಡಿಗೆ ಬಂದಾಗ ತೊಗಲಿನ ದೊಡ್ಡ ಪೆಟ್ಟಿಗೆಯೊಂದನ್ನೂ ಹಾಗೆಯೇ ಎತ್ತಿ ನೋಡಿದರು. ಕೈಯಿಂದ ಕಾರ್ಬಾಲಿಕ್ ಸೋಪಿನ ವಾಸನೆ. ತೊಳೆದೂ ತೊಳೆದೂ ಆ ಬೆರಳ ತುದಿಗಳು ನೆನೆಸಿಟ್ಟ ಬಾದಾಮಿಯ ಹಾಗೆ ಸುಕ್ಕಾಗಿದ್ದವು.

"ಖಾಲಿ ಇರುವಾಗಲೇ ಇಷ್ಟು ಭಾರ ಇದೆಯಲ್ಲಪ್ಪ. ತುಂಬಿದ ಮೇಲೆ ಯಾರು ಹೊರೋರು?"

"ಕೂಲಿಯೋನು ಹೊರ್ತಾನೆ ಅಮ್ಮ."

"ನಾನು ಹೋಗೋ ಕಡೆ ಕೂಲಿಯೋನು ಕೇಳೋ ದುಡ್ಡಿಗೆ ಇಲ್ಲಿ ಹಸು ಬರುತ್ತೆ."

ಎಲ್ಲಿಗೆ ಅಂದೆ. ಯೂರೋಪಿಗೆ ಅಂದರು, ಕೆಂಗೇರಿ ಸಂತೆಗೆ ಅನ್ನುವ ಧಾಟಿಯಲ್ಲಿ.

ನನ್ನದು ಮಾಗಡಿ ರಸ್ತೆಯಲ್ಲಿ ಪೆಟ್ಟಿಗೆ ಅಂಗಡಿ. ಬಿಳಿಯರು ದಂಡು ಪ್ರದೇಶ ಖಾಲಿ ಮಾಡಿ ಹೊರಟಾಗ ಹರಾಜಿನಲ್ಲಿ ಅವರ ಹಳೆಯ ಸಾಮಾನು ಕೂಗಿ ಕೊಂಡು, ತಿಕ್ಕಿ, ಹೊಲಿಗೆ ಹಾಕಿಸಿ ಮಾರಿ ಮೇಲೆ ಬಂದವನು ನಾನು. ಓದಿದ್ದು ಕಡಿಮೆ, ಗಿರಾಕಿಯ ಮುಖ ಓದುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಈಯಮ್ಮನ ಹತ್ತಿರ ಅದು ನಡೆಯಲಿಲ್ಲ. ನಾನು ಹೇಳಿದ ಬೆಲೆಗೆ ನಕ್ಕು, ತಮ್ಮ ಬೆಲೆ ಹೇಳಿ, ಜಟಕಾದವನನ್ನು ಕೂಗಿಯೇಬಿಟ್ಟರು. ವಿಳಾಸ ಕೇಳಿದರೆ ನಮ್ಮ ಎದುರು ಮನೆ; ಆ ವಾರವಷ್ಟೇ ಬಂದು ಸೇರಿದ್ದರಂತೆ.

ರಾಜಾಜಿನಗರ ಆಗಿನ್ನೂ ಗಡಿಕಲ್ಲು ನೆಟ್ಟ ಖಾಲಿ ಸೈಟುಗಳ ಬಯಲು. ನಮ್ಮದೊಂದು ಮನೆ, ಎದುರಿಗೆ ಅವರದೊಂದು, ಸುತ್ತ ಉತ್ತು ಬಿಟ್ಟ ರಾಗಿ ಹೊಲ. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾಗಿ ಬಂದು ಒಬ್ಬರೇ ಇದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಸಾಯಂಕಾಲ ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಒಂದು ಕಿಟಕಿ ಮಾತ್ರ ಬೆಳಗುತ್ತಿತ್ತು.

ಚಿಕ್ಕ ವಯಸ್ಸಿನಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಹೆರಿಗೆ ವಿದ್ಯೆ ಕಲಿತವರು. ಅಲ್ಲಿ ಹಾಸ್ಟೆಲಿನಲ್ಲಿ ಜೊತೆಗಿದ್ದ ನಾಲ್ಕು ಜನ ಗೆಳತಿಯರು ಆಮೇಲೆ ನಾಲ್ಕು ದೇಶಗಳಲ್ಲಿ ನೆಲೆಸಿದ್ದರು. ಬೊಂಬಾಯಿಯಲ್ಲಿ ಹಡಗು ಹತ್ತಿ ಇಟಲಿಯಲ್ಲಿ ಇಳಿಯುವುದು, ರೈಲಿನಲ್ಲಿ ಸ್ವಿಟ್ಜರ್ಲೆಂಡಿಗೆ, ಅಲ್ಲಿಂದ ಗೆಳತಿಯ ಕಾರಿನಲ್ಲಿ ಬೆಟ್ಟ ಹತ್ತಿ ಇಳಿದು ಫ್ರಾನ್ಸಿಗೆ, ಮತ್ತೆ ರೈಲು, ಮತ್ತೆ ಹಡಗು, ಕೊನೆಗೆ ಸ್ಕಾಟ್ಲೆಂಡು. ಒಂದೊಂದು ನಿಲ್ದಾಣಕ್ಕೂ ಒಬ್ಬೊಬ್ಬ ಗೆಳತಿ. ಒಬ್ಬೊಬ್ಬ ಗೆಳತಿಗೂ ಒಂದೊಂದು ಪೆಟ್ಟಿಗೆ. ಒಬ್ಬಳಿಗೆ ಚಟ್ನಿಪುಡಿ, ಕಾಫಿಪುಡಿ. ಒಬ್ಬಳಿಗೆ ಗಂಧದ ಕೊರಡು, ರೇಷ್ಮೆ. ಕಾರಿನ ಗೆಳತಿಗೆ ಒಂದು ಕಲ್ಲಿನ ಕುಟ್ಟಾಣಿ. ಹಾಸ್ಟೆಲಿನಲ್ಲಿ ಮೆಣಸು ಕುಟ್ಟುವುದು ನೋಡಿ ಅವಳು ಅದರ ಮೇಲೆ ಆಸೆಪಟ್ಟಿದ್ದಳಂತೆ.

"ಕಲ್ಲು ಹೊತ್ಕೊಂಡು ಸಮುದ್ರ ದಾಟಿದ್ದು ಕಪಿಗಳು ಮಾತ್ರ ಅಮ್ಮ," ಅಂದೆ.

"ನಾನು ಐದನೇ ಕ್ಲಾಸಿಂದ ಕಪೀನೇ. ನಮ್ಮ ಮೇಷ್ಟ್ರು ಹೇಳೋರು."

ಭಾರ ಇಳಿಸಿ ಅಂತ ನಾನು ದಿನಕ್ಕೊಂದು ಉಪದೇಶ ಮಾಡುತ್ತಿದ್ದೆ. ಪೆಟ್ಟಿಗೆ ಮಾರುವವನೇ ಪೆಟ್ಟಿಗೆ ಬೇಡ ಅನ್ನುತ್ತಾನೆ ಎಂದು ಅವರಿಗೆ ನಗು. ನೀವೂ ದೂರ ಹೊರಡುವವರಾದರೆ ಕೇಳಿ: ರೈಲು ಬದಲಾಯಿಸುವ ಪ್ರಯಾಣಕ್ಕೆ ಒಂದು ದೊಡ್ಡ ಪೆಟ್ಟಿಗೆಗಿಂತ ಎರಡು ಚಿಕ್ಕವು ಮೇಲು. ಎರಡು ಕೈಗೂ ಭಾರ ಸಮನಾದರೆ ಸೊಂಟ ಉಳಿಯುತ್ತದೆ. ಇದನ್ನು ಅವರು ಒಪ್ಪಲಿಲ್ಲ.

ಕಾರಿನ ಗೆಳತಿ ತನ್ನ ಕಾರಿನ ಹಿಂಬದಿಯ ಗೂಡು ಎಷ್ಟು ಅಗಲ, ಎಷ್ಟು ಆಳ ಎಂದು ಅಳೆದು ಬರೆದಿದ್ದಳು. ಒಂದು ಭಾನುವಾರ ಡಾಕ್ಟ್ರಮ್ಮ ಅಂಗಳ ಸಾರಿಸಿ, ರಂಗೋಲಿ ಪುಡಿಯಲ್ಲಿ ಅಷ್ಟೇ ಅಳತೆಯ ಚೌಕ ಎಳೆದರು. ನಾನೂ ಅವರೂ ಪೆಟ್ಟಿಗೆಗಳನ್ನು ಅದರೊಳಗೆ ಅಡ್ಡ, ಉದ್ದ, ಒಂದರ ಮೇಲೊಂದು ಇಟ್ಟು ನೋಡಿದೆವು. ಕಾಮಾಕ್ಷಿಪಾಳ್ಯದ ಕಡೆಯಿಂದ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸರು ನಿಂತುಬಿಟ್ಟರು.

"ಏನು ಪೂಜೆ ತಾಯಿ ಇದು?"

"ಕಾರು ಪೂಜೆ," ಅಂದರು ಡಾಕ್ಟ್ರಮ್ಮ.

"ಕಾರೆಲ್ಲಿ?"

"ಬರುತ್ತೆ."

ಯಾವ ಹಂಚಿಕೆ ಮಾಡಿದರೂ ಒಂದು ಪೆಟ್ಟಿಗೆ ಗೆರೆಯ ಆಚೆಗೇ ಉಳಿಯುತ್ತಿತ್ತು. ಅವರು ಹೊರಗುಳಿದ ಪೆಟ್ಟಿಗೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ಇದನ್ನು ತೊಡೆ ಮೇಲೆ ಇಟ್ಕೋತೀನಿ ಬಿಡು" ಅಂದರು.

ಆದರೆ ಹೊರಡುವುದೆಂದು? ಅವರು ದಿನ ಗೊತ್ತು ಮಾಡುವುದೂ ಸುತ್ತಮುತ್ತ ಯಾರದೋ ಹೆಂಡತಿಗೆ ದಿನ ತುಂಬುವುದೂ ಒಂದೇ ಸಲ ಆಗುತ್ತಿತ್ತು. "ನಂದೊಂದು ಮುಗಿಸಿ ಹೋಗಿ ಅಮ್ಮ" ಅನ್ನುವರು. ಇವರು ಉಳಿಯುವರು. ಅದು ಮುಗಿಯುವಷ್ಟರಲ್ಲಿ ಹಡಗು ಹೋಗಿರುತ್ತಿತ್ತು, ಇನ್ನೊಬ್ಬಳಿಗೆ ವಾಂತಿ ಶುರುವಾಗಿರುತ್ತಿತ್ತು. ಹೀಗೆ ವರ್ಷ ಕಳೆದವು. ಇಟಲಿಯ ಗೆಳತಿ ತೀರಿಕೊಂಡಳು. ಫ್ರಾನ್ಸಿನವಳೂ ಹೋದಳು. ಸ್ಕಾಟ್ಲೆಂಡಿನವಳಿಗೆ ಮರೆವು ಬಂದು ಯಾರ ಗುರುತೂ ಹತ್ತುತ್ತಿಲ್ಲ ಎಂದು ಅವಳ ಮಗ ಬರೆದ. ಪ್ರತಿ ಸುದ್ದಿ ಬಂದಾಗಲೂ ಡಾಕ್ಟ್ರಮ್ಮ ಒಂದು ಪೆಟ್ಟಿಗೆ ಖಾಲಿ ಮಾಡಿ ಅಂಗಡಿಗೆ ತಂದಿಡುತ್ತಿದ್ದರು. ನಾನು ಅಷ್ಟು ದಿನ ಬಾಯಿ ನೋಯಿಸಿಕೊಂಡಿದ್ದ ಭಾರ ಹೀಗೆ ತಾನಾಗಿ ಇಳಿಯಿತು. ಉಳಿದದ್ದು ಕಾರಿನ ಗೆಳತಿ ಒಬ್ಬಳು, ಕುಟ್ಟಾಣಿಯಿದ್ದ ಪೆಟ್ಟಿಗೆ ಒಂದು.

ಈ ಸಲ ಟಿಕೆಟ್ ಕೊಂಡೇಬಿಟ್ಟರು. ಬೊಂಬಾಯಿಯ ರೈಲು ಮಂಗಳವಾರ. ನನ್ನ ಅಮ್ಮ ಕೇಳಿ ಕೆನ್ನೆ ಬಡಿದುಕೊಂಡಳು.

"ಮಂಗಳವಾರ ಯಾರಾದ್ರೂ ಹೊರಡ್ತಾರಾ ತಾಯಿ? ಪರಸ್ಥಾನ ಇಡಿ."

ನಮ್ಮಲ್ಲಿ ಹಾಗೊಂದು ಪದ್ಧತಿ. ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ, ಅದಕ್ಕೂ ಮೊದಲು ಒಳ್ಳೆಯ ಗಳಿಗೆ ನೋಡಿ ಗಂಟನ್ನೋ ಪೆಟ್ಟಿಗೆಯನ್ನೋ ಬೇರೆಯವರ ಮನೆಗೆ ಸಾಗಿಸಿಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು. ಆ ಪೆಟ್ಟಿಗೆ ತಿರುಗಿ ಸ್ವಂತ ಮನೆಯ ಹೊಸಿಲು ದಾಟಬಾರದು. ಡಾಕ್ಟ್ರಮ್ಮನಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಆದರೂ ಶುಕ್ರವಾರ ಬೆಳಗ್ಗೆ ಪೆಟ್ಟಿಗೆ ರಸ್ತೆ ದಾಟಿ ನಮ್ಮ ನಡುಮನೆಗೆ ಬಂತು. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಅನುಮಾನಿಸುತ್ತಲೇ ಕೇಳಿದಳು:

"ಊಟಕ್ಕೆ ಏಳ್ತೀರಾ? ನಮ್ಮದು ಮುದ್ದೆ, ಉಪ್ಪೆಸರು."

"ನಾನು ಹೊರಟಾಯ್ತಲ್ಲಮ್ಮ. ದಾರೀಲಿರೋರು ಸಿಕ್ಕಿದ್ದು ಉಣ್ಣಬೇಕು," ಎಂದು ಚಾಪೆಯ ಮೇಲೆ ಕೂತರು.

ಬಡಿಸಲು ಬಗ್ಗಿದ ನನ್ನ ಹೆಂಡತಿಯನ್ನು ಅವರು ದಿಟ್ಟಿಸಿ ನೋಡಿದರು. ಅವಳಿಗೆ ಒಂಬತ್ತು ತುಂಬುತ್ತಿತ್ತು. ಆಸ್ಪತ್ರೆಯ ವ್ಯವಸ್ಥೆ ಡಾಕ್ಟ್ರಮ್ಮನೇ ಮಾಡಿ ಹೊರಟಿದ್ದರು. ಕೈ ತೊಳೆದು ಬಂದು ಅವಳನ್ನು ಮಲಗಿಸಿ, ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟು ತಡವಿ ನೋಡಿದರು.

"ಮೊನ್ನೆ ಸರಿಯಾಗಿತ್ತು. ಈಗ ಅಡ್ಡ ತಿರುಗಿದೆ," ಅಂದರು.

"ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಮ್ಮ. ನೀವು ಹೊರಡಿ," ಅಂದೆ. "ಟಿಕೆಟ್ ಇದೆ. ಆಯಮ್ಮ ಕಾಯ್ತಿರ್ತಾರೆ."

"ತಿರುಗಿಸೋದು ನನಗೆ ಬರುತ್ತೆ. ತಿರುಗಿಸಿದ್ದು ಮತ್ತೆ ತಿರುಗದ ಹಾಗೆ ಕಾಯಬೇಕು. ಅವಳು ಸ್ವಲ್ಪ ದಿನ ಕಾಯ್ತಾಳೆ ಬಿಡು, ಇದು ಕಾಯಲ್ಲ."

ಆಮೇಲೆ ಅವರು ದಿನವೂ ಬಂದರು. ಮೆತ್ತಗೆ ಒತ್ತಿ, ಮಾತಾಡಿಸಿ, ಬೈದು, ಮಗುವನ್ನು ದಾರಿಗೆ ತಂದರು. ಹಡಗು ಹೊರಟ ದಿನ ನಮ್ಮ ಮನೆಯ ಹಿತ್ತಿಲಿನಲ್ಲಿ ನಿಂತು ಸೀಗೆಕಾಯಿ ಆರಿಸುತ್ತಿದ್ದರು. ಮಗಳು ಹುಟ್ಟಿದ್ದು ಒಂದು ಬೆಳಗ್ಗೆ, ಬಿಸಿಲು ನಡುಮನೆಗೆ ಬಂದ ಹೊತ್ತಿಗೆ. "ಹಟಮಾರಿ. ಅಪ್ಪನ ಹಾಗೇ ಚೌಕಾಸಿ ಮಾಡ್ತಾ ಬಂದಳು," ಅಂದರು.

ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲೇ ಕಾರಿನ ಗೆಳತಿ ತೀರಿಕೊಂಡ ಸುದ್ದಿ ಬಂತು. ಡಾಕ್ಟ್ರಮ್ಮ ಅದನ್ನು ನಮ್ಮ ಬಾಗಿಲಲ್ಲಿ ನಿಂತೇ ಹೇಳಿದರು. "ಊರು ನೋಡೋಕಾದ್ರೂ ಹೋಗಿ ಬನ್ನಿ ಅಮ್ಮ. ಮುಂದಿನ ಹಡಗಿಗೆ ನಾನೇ ಓಡಾಡಿ ಟಿಕೆಟ್ ಮಾಡಿಸ್ತೀನಿ," ಅಂದೆ.

"ಸ್ಟೇಷನ್ನಲ್ಲಿ ಇಳಿದಾಗ ಯಾರೂ ನಿಂತಿರಲ್ವಲ್ಲಪ್ಪ," ಅಂದರು. ಅಷ್ಟೇ. ನಮ್ಮ ಮೇಲೆ ಒಂದು ಮಾತಿಲ್ಲ, ಅವತ್ತೂ, ಆಮೇಲೂ. ಹೆಂಡತಿ ಬಾಣಂತಿ ಕೋಣೆಯಿಂದ ಅಳುತ್ತಿದ್ದುದು ಕೇಳಿ, "ಬಾಣಂತಿ ಅಳಬಾರದು, ಹಾಲು ಬತ್ತುತ್ತೆ" ಎಂದು ಗದರಿ ಹೋದರು.

ಪೆಟ್ಟಿಗೆ ವಾಪಸ್ ಕೊಡಲೇ ಎಂದು ಒಂದು ದಿನ ಕೇಳಿದೆ. ಅಮ್ಮ ನನ್ನನ್ನು ಕಣ್ಣಲ್ಲೇ ಸುಟ್ಟಳು. ಡಾಕ್ಟ್ರಮ್ಮ ಸ್ವಲ್ಪ ಯೋಚಿಸಿ, "ಇರಲಿ. ತಗೊಂಡು ಹೋದ್ರೆ ನಾನು ಹೊರಟೇ ಇಲ್ಲ ಅಂತ ಆಗುತ್ತೆ," ಅಂದರು.

ಅಲ್ಲಿಂದ ಮುಂದೆ ಹೆಚ್ಚುಕಡಿಮೆ ದಿನವೂ ಸಾಯಂಕಾಲ ರಸ್ತೆ ದಾಟಿ ಬರುತ್ತಿದ್ದರು. "ಪೆಟ್ಟಿಗೆ ನೋಡೋಕೆ ಬಂದೆ" ಎಂಬ ನೆಪ. ಅದರ ಮೇಲೆ ಜಮಖಾನ ಮಡಿಸಿ ಹಾಕಿದ್ದೆವು. ಅಲ್ಲೇ ಕೂತು, ಮಗಳನ್ನು ಮಡಿಲಲ್ಲಿ ಹಾಕಿಕೊಂಡು, ನಾವು ಉಂಡದ್ದನ್ನೇ ಉಣ್ಣುತ್ತಿದ್ದರು. ಪರಸ್ಥಾನಕ್ಕೆ ಇಂತಿಷ್ಟೇ ದಿನ ಎಂಬ ಗಡುವು ಇರುತ್ತದೆ, ಮೀರಿದರೆ ಅದು ನಡೆಯುವುದಿಲ್ಲ. ಪದ್ಧತಿಯಲ್ಲಿ ಕೂದಲೆಳೆ ತಪ್ಪಿದರೂ ಜಗಳಕ್ಕೆ ನಿಲ್ಲುವ ನನ್ನ ಅಮ್ಮ ಆ ಗಡುವಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಊಟ ಮುಗಿಸಿ ಅವರು ಎದ್ದಾಗ ಕಂದೀಲು ಹಿಡಿದು ನಾನು ಅವರ ಗೇಟಿನವರೆಗೆ ಹೋಗುತ್ತಿದ್ದೆ. ಒಳಗೆ ಹೋಗಿ ಅವರು ಬಾಗಿಲಿಗೆ ಹಾಕಿಕೊಳ್ಳುವ ಅಗುಳಿಯ ಸದ್ದು ಆ ಬಯಲಿನಲ್ಲಿ ದೊಡ್ಡದಾಗಿ ಕೇಳುತ್ತಿತ್ತು.

ಮಗಳು ನಡೆಯಲು ಕಲಿತ ವರ್ಷದ ಶ್ರಾವಣದಲ್ಲಿ, ಬೆಳಗ್ಗೆ ಹಾಲಿನವನು ಎಷ್ಟು ತಟ್ಟಿದರೂ ಎದುರು ಮನೆಯ ಬಾಗಿಲು ತೆರೆಯಲಿಲ್ಲ. ಅವರ ಅಣ್ಣನ ಮಗ ಮದ್ರಾಸಿನಿಂದ ಬಂದು ಎಲ್ಲ ನೆರವೇರಿಸಿದರು. ಸುತ್ತಮುತ್ತಲ ಹೆಂಗಸರು ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡು ಗೇಟಿನ ಹೊರಗೆ ನಿಂತಿದ್ದರು. ಅಷ್ಟು ಜನ ಆ ಮನೆಯ ಮುಂದೆ ಸೇರಿದ್ದು ನಾನು ಅದೇ ಮೊದಲು ನೋಡಿದ್ದು.

ವೈಕುಂಠ ಸಮಾರಾಧನೆಯೆಲ್ಲ ಮುಗಿದ ಮೇಲೆ ಅಣ್ಣನ ಮಗ ನಮ್ಮ ಮನೆಗೆ ಬಂದರು.

"ಅತ್ತೆಯ ಪೆಟ್ಟಿಗೆ ಇಲ್ಲಿದೆಯಂತೆ. ಕೊಟ್ಟರೆ ಆ ಮನೇಲೇ ಎಲ್ಲಾ ಸಾಮಾನಿನ ಜೊತೆ ಹಾಕಿ ಬೀಗ ಹಾಕ್ತೀನಿ."

ಅಮ್ಮ ಬಾಗಿಲಿಗೆ ಅಡ್ಡ ಬಂದು ನಿಂತಳು. "ಅವರ ವಸ್ತು, ನೀವು ತಗೊಂಡು ಹೋಗಿ ಸ್ವಾಮಿ. ಬೇಡ ಅನ್ನಲ್ಲ. ಆದ್ರೆ ಆ ಹೊಸಿಲು ಮಾತ್ರ ದಾಟಿಸಬೇಡಿ."

"ಅವರೇ ಹೋದ ಮೇಲೆ ಇನ್ನೇನಮ್ಮ ಶಾಸ್ತ್ರ?"

"ಅವರು ಎಂದೋ ಹೊರಟಿದ್ರು," ಅಂದಳು ಅಮ್ಮ.

ಆತ ನನ್ನ ಮುಖ ನೋಡಿದರು. ನಾನು ವ್ಯಾಪಾರಿ, ಎಂಥ ಮೊಂಡು ಗಿರಾಕಿಯನ್ನೂ ಒಪ್ಪಿಸಬಲ್ಲೆ. ಆದರೆ ಅವತ್ತು ಹೋಗಿ ಅಮ್ಮನ ಪಕ್ಕದಲ್ಲಿ ನಿಂತೆ. ಕೊನೆಗೆ ಅವರೇ, "ಆಗಲಿ, ಮದ್ರಾಸಿಗೇ ಒಯ್ಯುತ್ತೇನೆ" ಅಂದರು. ನಾನು ಜಟಕಾ ತಂದೆ. ಪೆಟ್ಟಿಗೆಯನ್ನು ನಾವಿಬ್ಬರೂ ಸೇರಿ ಹೊರಗೆ ತಂದೆವು. ಕುಟ್ಟಾಣಿ ಒಳಗೇ ಇತ್ತು. ಭಾರಕ್ಕೆ ಜಟಕಾ ಹಿಂದಕ್ಕೆ ವಾಲಿತು. ನನ್ನ ಹೆಂಡತಿ ಮಗಳ ಕೈಯಲ್ಲಿ ಅದಕ್ಕೊಂದು ಹೂವು ಇಡಿಸಿದಳು.

ಕುದುರೆ ಮಾಗಡಿ ರಸ್ತೆಯ ಕಡೆಗೆ ಹೊರಳಿತು. ಅಮ್ಮ ಬರಿಗಾಲಲ್ಲಿ ಖಾಲಿ ಸೈಟುಗಳ ಅಂಚಿನವರೆಗೂ ಅದರ ಹಿಂದೆ ನಡೆದು ಹೋದಳು. ಅಲ್ಲಿ ನಿಂತು ಸೆರಗು ಹೊದ್ದುಕೊಂಡಳು.

"ಹೋಗಿ ಬನ್ನಿ ತಾಯಿ," ಅಂದಳು.