ಸದ್ದಿಲ್ಲದ ಎರಡು ನಿಮಿಷ

ಹಾನುಬಾಳಿನಿಂದ ಒಳಗೆ, ಎಸ್ಟೇಟೊಂದರ ಬೇಲಿಗೆ ಅಂಟಿಕೊಂಡಿರುವ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಊಟದ ನಂತರದ ಮೊದಲ ಪೀರಿಯಡ್ಡು ಎಂಟನೇ ತರಗತಿಗೆ ನನ್ನದು. ಅದು ಯಾರಿಗೂ ಬೇಡವಾಗಿತ್ತು, ಹಾಗಾಗಿ ಹೊಸದಾಗಿ ಬಂದ ನನ್ನ ಪಾಲಿಗೆ ಬಿತ್ತು. ಬಿಸಿಯೂಟದ ಅನ್ನ ಸಾಂಬಾರು ಆಗಷ್ಟೇ ಹೊಟ್ಟೆ ಸೇರಿರುತ್ತದೆ. ಮಕ್ಕಳು ಬೆಳಗಿನ ಬಸ್ಸಿಗೆಂದು ಕತ್ತಲಿರುವಾಗಲೇ ಎದ್ದಿರುತ್ತಾರೆ. ಕೆಲವರು ಎಸ್ಟೇಟಿನ ಕೂಲಿಕಾರರ ಲೈನ್ ಮನೆಗಳಿಂದ ತೋಟದೊಳಗೇ ನಡೆದು ಬಂದಿರುತ್ತಾರೆ. ನಾನು ಬೋರ್ಡಿನ ಮೇಲೆ ಜೀವಕೋಶದ ಚಿತ್ರ ಬರೆದು ಈ ಕಡೆ ತಿರುಗುವಷ್ಟರಲ್ಲಿ ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಬೈದರೆ ಕಣ್ಣು ಬಿಡುತ್ತಿದ್ದರು. ಆದರೆ ಆ ಕಣ್ಣಿನ ಹಿಂದೆ ಯಾರೂ ಇರುತ್ತಿರಲಿಲ್ಲ.

ಒಮ್ಮೆ ಸಕಲೇಶಪುರದಲ್ಲಿ ಶಿಕ್ಷಕರಿಗೆ ತರಬೇತಿ ಇತ್ತು. ಅಲ್ಲಿಯೂ ಊಟವಾದ ಮೇಲೆ ನಾವೆಲ್ಲ ನಮ್ಮ ಮಕ್ಕಳಿಗಿಂತ ಚೆನ್ನಾಗಿ ತೂಕಡಿಸುತ್ತಿದ್ದೆವು. ತರಬೇತಿ ಕೊಡಲು ಬಂದವರು ಮಾತು ನಿಲ್ಲಿಸಿ ಎಲ್ಲರನ್ನೂ ಎದ್ದು ನಿಲ್ಲಿಸಿದರು. ಒಂದು ಕೈಯಲ್ಲಿ ಮೂಗು, ಇನ್ನೊಂದು ಕೈಯಲ್ಲಿ ಆಚೆ ಕಡೆಯ ಕಿವಿ ಹಿಡಿಯಬೇಕು. ಚಪ್ಪಾಳೆ ಬಿದ್ದ ಕೂಡಲೇ ಕೈ ಅದಲುಬದಲು ಮಾಡಬೇಕು. ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಮೇಷ್ಟ್ರು ತಮ್ಮ ಕಿವಿ ಬಿಟ್ಟು ಪಕ್ಕದವರ ಕಿವಿ ಹಿಡಿದರು. ನಕ್ಕು ನಕ್ಕು ಸುಸ್ತಾಗಿ ಕೂತಾಗ ನನ್ನ ತಲೆ ಹಗುರಾಗಿತ್ತು. ಇದಕ್ಕೆ ಬ್ರೈನ್ ಬ್ರೇಕ್ ಅನ್ನುತ್ತಾರೆ, ಮಿದುಳಿಗೆ ಎರಡು ನಿಮಿಷದ ಬಿಡುವು ಎಂದು ಅವರು ಹೇಳಿದರು.

ಮಾರನೇ ದಿನವೇ ಅದನ್ನು ನನ್ನ ಕ್ಲಾಸಿನಲ್ಲಿ ಮಾಡಿಸಿದೆ. ಮಕ್ಕಳ ಕೇಕೆಗೆ ಹೆಂಚು ಹಾರದಿದ್ದದ್ದೇ ಪುಣ್ಯ. ನಮ್ಮ ಹೆಡ್‌ಮಾಸ್ಟರು ಪಕ್ಕದ ಕೋಣೆಯಲ್ಲಿ ಹತ್ತನೇ ತರಗತಿಗೆ ಲೆಕ್ಕ ಹೇಳುತ್ತಿದ್ದರು. ಸೀಮೆಸುಣ್ಣ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದರು.

“ಏನ್ ಮೇಡಂ, ಪಾಠ ಮಾಡ್ತಿದ್ದೀರೋ, ಮದುವೆ ಮನೆ ನಡೆಸ್ತಿದ್ದೀರೋ?”

“ಎರಡೇ ನಿಮಿಷ ಸಾರ್. ಇಲ್ದಿದ್ರೆ ಎಲ್ಲ ನಿದ್ದೆ ಹೋಗ್ಬಿಡ್ತಾವೆ.”

“ಕುಣಿಯೋದು ಎರಡು ನಿಮಿಷ, ಸರಿ. ಈ ನಗು ನಿಲ್ಲೋಕೆ ಕಾಲು ಗಂಟೆ ಬೇಕಲ್ರೀ! ಅತ್ಲಾಗೆ ನನ್ ಹುಡುಗ್ರು ಲೆಕ್ಕ ಬುಟ್ಟು ಗೋಡೆಗೆ ಕಿವಿ ಕೊಟ್ಕೊಂಡು ಕೂತವ್ರೆ. ಪರೀಕ್ಷೆ ಹತ್ರ ಐತೆ ಕಣ್ರೀ. ಸದ್ದಿಲ್ದಂಗೆ ಮಾಡೋದಾದ್ರೆ ಮಾಡ್ಸಿ, ಇಲ್ಲಾಂದ್ರೆ ಬ್ಯಾಡ.”

ಬೇಸರವೇನೋ ಆಯಿತು. ಆದರೆ ಅವರು ಪೂರ್ತಿ ಬೇಡ ಅಂದಿರಲಿಲ್ಲ. ಮಕ್ಕಳಿಗೆ ಹೇಳಿದೆ, “ಹಲ್ಲು ಕಾಣಿಸಬಹುದು, ದನಿ ಕೇಳಿಸಬಾರದು.” ಅವರಿಗೆ ಅದೇ ಒಂದು ಆಟವಾಯಿತು. ಚಪ್ಪಾಳೆಯ ಬದಲು ನಾನು ಹುಬ್ಬು ಹಾರಿಸಿದರೆ ಮೂಗು ಕಿವಿ ಬದಲಾಗುತ್ತಿದ್ದವು. ಚಾಚಿದ ಹೆಬ್ಬೆರಳಿನಿಂದ ಗಾಳಿಯಲ್ಲಿ ದೊಡ್ಡ ಎಂಟು ಬರೆದು ಕಣ್ಣಲ್ಲೇ ಅದನ್ನು ಹಿಂಬಾಲಿಸುವುದು ಎರಡನೆಯದು. ಮೂರನೆಯದನ್ನು ನಾನೇ ಹೊಂದಿಸಿಕೊಂಡೆ. ಅಂಗೈಗಳ ನಡುವೆ ಬಿಸಿ ಕಾಫಿಯ ಲೋಟ ಇದೆ ಅಂದುಕೊಂಡು ಅದರ ಘಮವನ್ನು ಮೂಗಿನಲ್ಲಿ ನಿಧಾನವಾಗಿ ಎಳೆದುಕೊಳ್ಳುವುದು, ಆಮೇಲೆ ಬಾಯಿಂದ ಮೆಲ್ಲಗೆ ಊದಿ ಆರಿಸುವುದು. ಮೊದಲ ದಿನ ಒಬ್ಬ ಪಿಸುಗುಟ್ಟಿದ, “ಮಿಸ್, ನಂದು ಆರೋಯ್ತು. ಕುಡ್ದುಬುಡ್ಲಾ?”

ನಿದ್ದೆ ಪೂರ್ತಿ ಹೋಯಿತು ಅನ್ನಲಾರೆ. ಆದರೆ ಬಿಡುವಿನ ನಂತರ ಹತ್ತು ಕೈ ಮೇಲೇಳುತ್ತಿದ್ದವು, ಪ್ರಶ್ನೆಗಳು ಬರುತ್ತಿದ್ದವು. ನನಗೆ ಅಷ್ಟು ಸಾಕಾಗಿತ್ತು.

ಗದ್ದೆಗಳಲ್ಲಿ ಭತ್ತ ತೆನೆ ಬಿಟ್ಟಿದ್ದ ಸಮಯ. ಆಗ ಆನೆಗಳು ಈ ಕಡೆ ಬರುತ್ತವೆ, ಎಲ್ಲರಿಗೂ ಗೊತ್ತು. ಒಂದು ಮಧ್ಯಾಹ್ನ ನಾನು ಪಾಠ ಶುರು ಮಾಡುವಷ್ಟರಲ್ಲಿ ಹೆಡ್‌ಮಾಸ್ಟರು ಹತ್ತನೇ ತರಗತಿಯವರನ್ನೆಲ್ಲ ಸಾಲಾಗಿ ನನ್ನ ಕೋಣೆಗೆ ಕರೆತಂದರು. ಅವರ ಹಿಂದೆಯೇ ಒಂಬತ್ತನೆಯವರು. ಬಾಗಿಲು ಹಾಕಿ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು.

“ಫಾರೆಸ್ಟ್‌ನೋರು ಫೋನ್ ಮಾಡಿದ್ರು. ಹಿಂದುಗಡೆ ತೋಟಕ್ಕೆ ಹಿಂಡು ಇಳಿದೈತಂತೆ, ಮರಿನೂ ಐತೆ. ಅವು ದಾಟೋಗಂಟ ಬೆಲ್ ಹೊಡಿಬಾರ್ದು, ಯಾರೂ ಕೂಗಬಾರ್ದು. ನಿಮ್ ರೂಮೊಂದೇ ಬೇಲಿಯಿಂದ ದೂರ ಇರೋದು.”

ಒಂದೊಂದು ಬೆಂಚಿನಲ್ಲಿ ಐದಾರು ಮಂದಿ. ಉಳಿದವರು ನೆಲದ ಮೇಲೆ. ಹೊರಗೆ ಆನೆಗಳಿಗೆ ಇಷ್ಟವಾದ ಬಗನಿ ಮರ ಮುರಿಯುವ ಸದ್ದು ಕೇಳಿತು. ಮೊದಲು ಸೀಳಿದಂತೆ, ಆಮೇಲೆ ಧಡಾರನೆ. ಕೋಣೆ ಪೂರ್ತಿ ಒಮ್ಮೆ ಉಸಿರು ಹಿಡಿಯಿತು.

ಎರಡನೇ ಬೆಂಚಿನ ತುದಿಯಲ್ಲಿ ನನ್ನ ಕ್ಲಾಸಿನ ಒಬ್ಬ ಹುಡುಗಿ ಇದ್ದಳು. ಹಿಂದಿನ ವರ್ಷ ಅವಳ ಚಿಕ್ಕಪ್ಪನನ್ನು ತೋಟದ ದಾರಿಯಲ್ಲಿ ಆನೆ ಅಟ್ಟಿಸಿಕೊಂಡು ಬಂದಾಗ ಅವರು ಬಿದ್ದು ಕಾಲು ಮುರಿದುಕೊಂಡಿದ್ದರು. ಆವತ್ತು ಅವರ ಜೊತೆ ನಡೆಯುತ್ತಿದ್ದವಳು ಇವಳೇ. ಈಗ ಅವಳ ತುಟಿ ಬೆಳ್ಳಗಾಗಿತ್ತು. ಉಸಿರು ಸಣ್ಣ ಸಣ್ಣದಾಗಿ, ಮೇಲಿಂದ ಮೇಲೆ ಬರುತ್ತಿತ್ತು. ಬಾಯಿ ತೆರೆದದ್ದು ಕಂಡು, ಇನ್ನೇನು ಕಿರುಚುತ್ತಾಳೆ ಅಂದುಕೊಂಡೆ. ಅವಳೊಬ್ಬಳು ಕಿರುಚಿದರೆ ಸಾಕು, ಎಲ್ಲ ಎದ್ದು ಬಾಗಿಲಿಗೆ ಓಡುತ್ತಾರೆ. ನಾನು ಹೋಗಿ ಅವಳ ಭುಜ ಹಿಡಿದುಕೊಂಡೆ. ಏನು ಮಾಡಬೇಕೆಂದು ನಿಜವಾಗಿಯೂ ತೋಚಲಿಲ್ಲ.

ಆಗ ಹೆಡ್‌ಮಾಸ್ಟರು ಪಿಸುದನಿಯಲ್ಲಿ ಅಂದರು, “ಮೇಡಂ, ನಿಮ್ದು ಅದೇನೋ ಕಾಫಿ ಊದೋದು ಐತಲ್ಲ, ಅದ್ನ ಮಾಡ್ಸಿ.”

ಅವರಿಗೆ ಅದು ಗೊತ್ತಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಕಿಟಕಿಯಿಂದ ಯಾವಾಗ ನೋಡಿದ್ದರೋ!

ನಾನು ಅಂಗೈ ಜೋಡಿಸಿ ಎತ್ತಿ ಹಿಡಿದೆ. ಎಂಟನೆಯವರಿಗೆ ಹೇಳಬೇಕಾಗಲೇ ಇಲ್ಲ, ಎಲ್ಲರ ಕೈಯೂ ಮೇಲೆ ಬಂತು. ಅವರನ್ನು ನೋಡಿ ದೊಡ್ಡ ತರಗತಿಯವರೂ ಲೋಟ ಹಿಡಿದರು. ನಾನು ಹುಡುಗಿಯ ಮುಂದೆ ಮೊಣಕಾಲೂರಿ ಕೂತೆ. ಎಳೆದುಕೋ, ಊದು ಎಂದು ಕಣ್ಣಲ್ಲೇ ಹೇಳಿದೆ. ಮೊದಲೆರಡು ಸಲ ಅವಳ ಉಸಿರು ನಡುವೆಯೇ ತುಂಡಾಯಿತು. ಆಮೇಲೆ ಸ್ವಲ್ಪ ಉದ್ದವಾಯಿತು. ಇನ್ನೊಂದು ಮರ ಬಿತ್ತು. ಅವಳು ಕಣ್ಣು ಮುಚ್ಚಿದಳು, ಆದರೆ ಊದುವುದನ್ನು ಬಿಡಲಿಲ್ಲ. ಅಷ್ಟೊಂದು ಮಕ್ಕಳು ಒಟ್ಟಿಗೆ ಉಸಿರು ಬಿಡುವುದು ತೆಳ್ಳಗೆ ಗಾಳಿ ಬೀಸಿದ ಹಾಗೆ ಕೇಳುತ್ತಿತ್ತು.

ಕಾಫಿ ಸಾಕಾದ ಮೇಲೆ ಎಂಟು ಬರೆಸಿದೆ. ಅದೂ ಮುಗಿದ ಮೇಲೆ ಮೂಗು ಕಿವಿ. ಹೆಡ್‌ಮಾಸ್ಟರೂ ಗೋಡೆಗೆ ಒರಗಿ ನಿಂತು ಬಹಳ ಗಂಭೀರವಾಗಿ ಮೂಗು ಹಿಡಿದುಕೊಂಡಿದ್ದರು. ಹುಬ್ಬು ಹಾರಿಸಿದಾಗ ಅವರ ಎರಡೂ ಕೈ ಕಿವಿಗೆ ಹೋದವು. ಗುರುವಿನ ಮುಂದೆ ತಪ್ಪಾಯಿತು ಅನ್ನುವ ಶಿಷ್ಯನ ಹಾಗೆ ಕಂಡರು. ಮಕ್ಕಳ ಹೊಟ್ಟೆ ಕುಲುಕುತ್ತಿತ್ತು. ಕೆಲವರು ಲಂಗದ ತುದಿ, ಶರಟಿನ ಕಾಲರು ಬಾಯಿಗೆ ತುರುಕಿಕೊಂಡರು. ಒಂದು ದನಿಯೂ ಹೊರಬರಲಿಲ್ಲ. ಆ ಹುಡುಗಿಯ ಮುಖದಲ್ಲೂ ಬಣ್ಣ ಮರಳಿತ್ತು.

ಎಷ್ಟು ಹೊತ್ತಾಯಿತೋ. ಮುರಿಯುವ ಸದ್ದು ದೂರವಾಯಿತು, ಆಮೇಲೆ ನಿಂತಿತು. ಹೆಡ್‌ಮಾಸ್ಟರ ಜೇಬಿನಲ್ಲಿ ಫೋನು ನಡುಗಿತು. ಕೇಳಿಸಿಕೊಂಡು, ಅಷ್ಟು ಹೊತ್ತಿನಲ್ಲಿ ಮೊದಲ ಸಲ ದನಿ ಎತ್ತಿ ಮಾತಾಡಿದರು.

“ಹಳ್ಳ ದಾಟ್ಕೊಂಡು ಆಚೆ ಹೋದ್ವಂತೆ! ನಗ್ರೋ ಇನ್ನು, ಎಷ್ಟು ನಗ್ತೀರೋ ನಗ್ರೋ!”

ಅಂಥ ಗದ್ದಲವನ್ನು ನಮ್ಮ ಶಾಲೆಯಲ್ಲಿ ನಾನು ಮತ್ತೆ ಕೇಳಿಲ್ಲ. ನಾನು ಮಾತ್ರ ಕುರ್ಚಿಯಲ್ಲಿ ಕುಸಿದು ಕೂತೆ. ನಗುವೋ ಅಳುವೋ ತಿಳಿಯದೆ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಸುದ್ದಿ ಕೇಳಿ ಎಸ್ಟೇಟಿನ ಜೀಪುಗಳು ಬಂದವು, ಅಪ್ಪಂದಿರು ಬೈಕಿನಲ್ಲಿ ಬಂದರು. ಆ ಹುಡುಗಿಯ ಅಪ್ಪ ಕೆಲಸದ ಬಟ್ಟೆಯಲ್ಲೇ ಏದುಸಿರು ಬಿಡುತ್ತಾ ಗೇಟಿನ ಹತ್ತಿರ ನಿಂತಿದ್ದರು. ಅವಳು ಓಡಿಹೋಗಿ ಅವರ ಕೈ ಹಿಡಿದಳು.

“ನಾನು ಕಿರುಚ್ಲಿಲ್ಲ ಕಣಪ್ಪ.”

“ಗೊತ್ತಾಯ್ತು ಬುಡು ಮಗಾ,” ಎಂದು ಅವಳ ತಲೆ ಸವರಿ ಬೈಕು ಹತ್ತಿಸಿಕೊಂಡರು. ನನ್ನ ಕಡೆ ನೋಡಿ ಕೈ ಮುಗಿದರು. ನಾನೂ ಮುಗಿದೆ.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕೂತ ಕೂಡಲೇ ನಿದ್ದೆ ಹತ್ತಿತು, ಮೈಮೇಲೆ ಎಚ್ಚರವಿಲ್ಲದ ನಿದ್ದೆ. ಕಂಡಕ್ಟರು ಸೀಟು ತಟ್ಟಿ, “ಮೇಡಂ, ನಿಮ್ ಸ್ಟಾಪು ಹಿಂದೆ ಹೋಯ್ತಲ್ರೀ!” ಅಂದಾಗಲೇ ಎಚ್ಚರವಾದದ್ದು. ಇಳಿದು, ಚೀಲ ಹೆಗಲಿಗೇರಿಸಿ, ಬಂದ ದಾರಿಯಲ್ಲೇ ಆರಾಮವಾಗಿ ನಡೆದು ಮನೆಗೆ ಹೋದೆ.