ರೇಷ್ಮೆ ನೂಲಿನಲ್ಲಿ ಹೊಲಿದ ಪಾಠ

ಸೂಜಿಗೆ ನೂಲು ಪೋಣಿಸುವಾಗ ವೆಂಕಟರಮಣಪ್ಪ ಮೇಷ್ಟ್ರ ನಾಲಿಗೆ ಬಾಯಿಂದ ಹೊರಗೆ ಇಣುಕುತ್ತಿತ್ತು. ಅವರೇನು ದರ್ಜಿಯಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಶ್ರೀನಿವಾಸಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಮಗೆ ಜೀವಶಾಸ್ತ್ರ ಹೇಳುತ್ತಿದ್ದವರು. ಹತ್ತನೇ ತರಗತಿಗೆ ಕಾಲಿಟ್ಟ ಕೂಡಲೇ ನಮ್ಮ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಒಟ್ಟಿಸಿಕೊಂಡು, ಮನುಷ್ಯರಿಗೆ ಮಕ್ಕಳು ಹೇಗಾಗುತ್ತವೆ ಎಂದು ಹೇಳುವ ಪಾಠದ ಹಾಳೆಗಳನ್ನು ಸೇರಿಸಿ ಹೊಲಿದುಬಿಟ್ಟರು. ನೂಲು ನಮ್ಮ ಮನೆಯದು. ನಮ್ಮ ಅಬ್ಬಾ ಗೂಡಿನಿಂದ ರೇಷ್ಮೆ ಬಿಚ್ಚುವವರಾದ್ದರಿಂದ, "ಏ ನಸೀಮಾ, ಗಟ್ಟಿ ನೂಲು ತಗೊಂಡ್ಬಾಮ್ಮ" ಎಂದು ನನಗೇ ಅಪ್ಪಣೆಯಾಗಿತ್ತು.

"ಹರಿದು ಬಿಸಾಕಬೋದಲ್ಲ ಸಾರ್?" ಎಂದ ಒಬ್ಬ ಹುಡುಗ.

"ಥೂ, ಹರಿದ್ರೆ ಸರಸ್ವತಿಗೆ ಅಪಚಾರ ಕಣೋ. ಹೊಲಿದ್ರೆ ದೋಷ ಇಲ್ಲ. ಹೆಂಗೂ ಇದು ಪರೀಕ್ಷೆಗೆ ಬರಲ್ಲ."

ಪರೀಕ್ಷೆಗೆ ಬಾರದ್ದು ಭೂಮಿಯ ಮೇಲೇ ಇಲ್ಲ ಎನ್ನುವುದು ಆ ಮಹಾನುಭಾವರ ವಿಜ್ಞಾನ. ಶಾಲೆಯ ಗೋಡೆಯ ಮೇಲೆ ಸರ್ಕಾರದವರು ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಸಿದ್ದರು. ಅದೇನೆಂದು ಕೇಳಿದರೆ "ಸಮಬಾಹು ತ್ರಿಭುಜ, ಲೆಕ್ಕದ ಮೇಷ್ಟ್ರನ್ನ ಕೇಳ್ಕೊಳ್ಳಿ" ಎಂದು ಜಾರಿಕೊಂಡರು. ನಾನು ಆ ಹೊಲಿಗೆಯನ್ನು ಅದೇ ಸಂಜೆ ಬಿಚ್ಚಿ ಓದಿದೆ. ಬಿಚ್ಚುವುದು ನಮ್ಮ ಕಸುಬು ತಾನೇ.

ಇದೇ ಮನುಷ್ಯ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಒಂದು ದಿನ ಮೊರದ ತುಂಬ ಚಿಟ್ಟೆಗಳನ್ನು ತರಗತಿಗೇ ತಂದರು. ಗಂಡು ಯಾವುದು, ಹೆಣ್ಣು ಯಾವುದು, ಜೋಡಿಯನ್ನು ಎಷ್ಟು ಹೊತ್ತು ಬಿಡಬೇಕು, ಆಮೇಲೆ ಹೇಗೆ ಬಿಡಿಸಬೇಕು, ಎಲ್ಲವನ್ನೂ ಬೆರಳಲ್ಲಿ ಹಿಡಿದು ತೋರಿಸಿದರು. ಆಗ ನನ್ನ ಪಕ್ಕದಲ್ಲಿದ್ದ ಸರೋಜ ಎದ್ದು ನಿಂತಳು. ಅವಳು ಮೇಷ್ಟ್ರ ಮಗಳೇ. ಶಾಲೆಯಲ್ಲಿ ಅಪ್ಪನನ್ನು ಸಾರ್ ಎನ್ನಬೇಕೆಂದು ಕಟ್ಟಪ್ಪಣೆ.

"ಮನುಷ್ಯರಿಗೂ ಹಿಂಗೇನಾ ಸಾರ್?"

"ಸಿಗ್ಗು ಲೇದಾ ನೀಕು?" ಎಂದು ಮೇಷ್ಟ್ರು ಗುಡುಗಿದರು. ಸಿಟ್ಟು ಬಂದರೆ ಅವರಿಗೆ ತೆಲುಗು. ನಾಚಿಕೆಗೆಟ್ಟವಳು ಎನಿಸಿಕೊಂಡ ಸರೋಜ ಆ ಪೀರಿಯಡ್ ಪೂರ್ತಿ ಬಾಗಿಲ ಹೊರಗೆ ನಿಂತಳು. ಒಳಗೆ ಚಿಟ್ಟೆಗಳು ತಮ್ಮ ಪಾಡಿಗೆ ತಾವಿದ್ದವು.

ಎಸ್ಸೆಸ್ಸೆಲ್ಸಿ ಮುಗಿದ ಕೆಲವು ವರ್ಷಕ್ಕೆ ಅವಳನ್ನು ಕುರುಡುಮಲೆಯ ಹತ್ತಿರದ ಹಳ್ಳಿಗೆ ಕೊಟ್ಟರು. ಗಂಡ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿದ್ದ, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ. ತವರಿನಲ್ಲಿ ಹೆಣ್ಣುಮಗುವಾಯಿತು. ಬಾಣಂತನ ಮುಗಿಸಿ ಹೋದವಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಮತ್ತೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಇನ್ನೊಂದು ನಿಂತಿತ್ತು.

"ಈಗಲೇ ಇನ್ನೊಂದು ಬೇಡ ಅಂತ ಬಾಣಂತನದಾಗೆ ನರ್ಸಮ್ಮ ಮಾತ್ರೆ ಕೊಟ್ಟಿದ್ರು ಕಣೇ. ತಪ್ಪದೆ ನುಂಗಿದ್ದೀನಿ."

"ದಿನಾನೂ?"

"ದಿನಾ ಯಾಕೆ? ಅವರು ಬರೋದು ಭಾನುವಾರ ತಾನೇ? ಭಾನುವಾರ ನುಂಗ್ತಿದ್ದೆ. ತಲೆನೋವು ಬಂದ ದಿನ ತಾನೇ ತಲೆನೋವಿನ ಮಾತ್ರೆ ನುಂಗೋದು?"

"ದಿನಾ ನುಂಗ್ಬೇಕು ಅಂತ ನರ್ಸಮ್ಮ ಹೇಳಲಿಲ್ವೇನೇ?"

"ಅವರು ಬಾಯಿ ತೆಗೆದ್ರು. ಅಪ್ಪ ಅಲ್ಲೇ ಇದ್ರಲ್ಲ, 'ಆಯ್ತಮ್ಮ, ಆಯ್ತು, ಕೊಟ್ಟು ನಡೀರಿ' ಅಂತ ಕಳಿಸ್ಬಿಟ್ರು."

ಬೇಡವೆಂದಿದ್ದರೆ ಕೋಲಾರದ ದೊಡ್ಡಾಸ್ಪತ್ರೆಗೆ ಹೋಗಿ ತೆಗೆಸೋಣ ಬಾ ಎಂದೆ. "ಬೇಡಮ್ಮ, ಅಪ್ಪಂಗೆ ಗೊತ್ತಾದ್ರೆ ಸಿಗ್ಗು ಲೇದಾ ಅಂತಾರೆ" ಎಂದಳು. ನನಗೂ ಹೇಳದೆ ಯಾವಳೋ ಬಸಿರಿಳಿಸುವ ಮುದುಕಿಯ ಹತ್ತಿರ ಹೋದಳು. ನಂಜೇರಿತು. ಅವಳನ್ನು ಅದೇ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋಗುವ ಹೊತ್ತಿಗೆ ಕೈಮೀರಿತ್ತು.

ಮೇಷ್ಟ್ರನ್ನು ನಾನು ಕೊನೆಯದಾಗಿ ನೋಡಿದ್ದು ಅವಳ ತಿಥಿಯ ದಿನ. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಬಿಕ್ಕಿಬಿಕ್ಕಿ ಅತ್ತರು.

"ಯಾರಾದ್ರೂ ಅವಳಿಗೆ ಒಂದು ಮಾತು ಹೇಳಬಾರದಿತ್ತೇನಮ್ಮ ನಸೀಮಾ?"

ಸಾವಿನ ಮನೆಯಲ್ಲಿ ಕನಿಕರ ಹುಟ್ಟಬೇಕು. ನನಗೆ ಹುಟ್ಟಿದ್ದು ಹೇಸಿಗೆ.

"ಹೇಳೋ ಪಾಠಾನ ನೀವೇ ಹೊಲಿದಿದ್ರಲ್ಲ ಸಾರ್" ಎಂದೆ.

ಮೇಷ್ಟ್ರು ಕಣ್ಣೊರೆಸಿಕೊಂಡರು. ದಡ್ಡ ವಿದ್ಯಾರ್ಥಿನಿಗೆ ತಿಳಿಹೇಳುವ ಹಳೆಯ ದನಿಯಲ್ಲೇ, "ಅದು ಪರೀಕ್ಷೆಗೆ ಬರ್ತಿರಲಿಲ್ವಲ್ಲಮ್ಮ" ಎಂದರು.