ಒಂದು ಹೊಸ ಟೈರು, ಮೂರು ಹಳೆಯವು

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಸುವ ಸಣ್ಣದೊಂದು ಘಟಕ ನನ್ನದು. ಮನೆಯ ಕೆಳಗೇ ಹನ್ನೆರಡು ಮಷೀನುಗಳಿವೆ. ಗುಂಡಿ ಹಾಕುವುದು, ಹೆಚ್ಚಿನ ದಾರ ಕತ್ತರಿಸುವುದು, ಮಡಿಚಿ ಕಟ್ಟುವುದು ಇವನ್ನೆಲ್ಲ ಹಳ್ಳಿಯ ಹೆಂಗಸರು ತಮ್ಮ ಮನೆಯಲ್ಲೇ ಕೂತು ಮಾಡುತ್ತಾರೆ. ಸಿರಿಗೇರಿಯಲ್ಲಿ ಏಳು ಮನೆ, ದೇಶನೂರಿನಲ್ಲಿ ಮೂರು. ವಾರಕ್ಕೆ ಎರಡು ಸಲ ಗಂಟುಗಳನ್ನು ಒಯ್ದು ಕೊಟ್ಟು, ಮುಗಿದದ್ದನ್ನು ತರಬೇಕು. ನಾನು ಹಳೆಯ ಕಾರೊಂದನ್ನು ಕೊಂಡದ್ದು ಅದಕ್ಕಾಗಿಯೇ.

ಜಪಾನಿನ ಗಾಡಿ ಅದು. ನನ್ನ ಕೈಗೆ ಬಂದಾಗಲೇ ಅದಕ್ಕೆ ಹದಿನಾಲ್ಕು ವರ್ಷ ತುಂಬಿತ್ತು. ಗಣಿ ಜೋರಾಗಿದ್ದ ಕಾಲದಲ್ಲಿ ಯಾರೋ ಕೊಂಡು ಮನಸೋ ಇಚ್ಛೆ ಓಡಿಸಿ ಬಿಟ್ಟಿದ್ದರು. ಸೀಟಿನ ಸಂದಿಗೆ ಬೆರಳು ಹಾಕಿದರೆ ಇವತ್ತಿಗೂ ಅದಿರಿನ ಕೆಂಪು ಧೂಳು ಬರುತ್ತದೆ. ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಹೋಗುತ್ತದೆ ಎನ್ನುವುದೊಂದನ್ನೇ ನಾನು ನೋಡಿದ್ದು. ನಮ್ಮ ಕಡೆಯ ಎರೆ ಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲಿ ಗಾಡಿ ಓಡಿಸಿದವರಿಗೆ ಅದರ ಬೆಲೆ ಗೊತ್ತು. ಎರಡು ಹನಿ ಬಿದ್ದರೆ ಸಾಕು, ಆ ಕರಿ ಮಣ್ಣು ಗಾಲಿಗೆ ಮೆತ್ತಿಕೊಂಡು ಮಡ್ಗಾರ್ಡಿನವರೆಗೆ ತುಂಬುತ್ತದೆ. ಬೇರೆ ಕಾರುಗಳು ನಿಂತಲ್ಲೇ ಗಾಲಿ ತಿರುಗಿಸುತ್ತ ಹೂತುಹೋಗುತ್ತವೆ. ಇದು ಹಿಂದಿನಿಂದ ಯಾರೋ ತಳ್ಳಿದ ಹಾಗೆ ಒಮ್ಮೆ ಮೈಕೊಡವಿ ಮೇಲೆ ಬರುತ್ತದೆ.

ಅದನ್ನು ರಿಪೇರಿ ಮಾಡಬಲ್ಲವರು ನನಗೆ ಸಿಕ್ಕಿದ್ದು ಕುರುಗೋಡಿನಲ್ಲಿ. ತಗಡಿನ ಒಂದು ಶೆಡ್ಡು, ಮುಂದೆ ಬೇವಿನ ಮರ. ಗಣಿಯ ದಿನಗಳಲ್ಲಿ ಇಂಥ ಗಾಡಿಗಳನ್ನೇ ಬಿಚ್ಚಿ ಕೂಡಿಸಿದ ಅರವತ್ತು ದಾಟಿದ ಮನುಷ್ಯ. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿತ್ತು, ನಾನು ಚಾಚಾ ಎನ್ನುತ್ತಿದ್ದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಾತು ಕಡಿಮೆ. ಒಂದು ವಿಷಯವನ್ನು ಮಾತ್ರ ಹೋದಾಗಲೆಲ್ಲ ಹೇಳುತ್ತಿದ್ದರು.

"ಬೇಟಿ, ಈ ಗಾಡಿಗಿ ನಾಕೂ ಟೈರ್ ಒಂದs ನಮೂನಿ ಇರಬೇಕು. ಒಂದು ಹೊಸದು, ಮೂರು ಸವದಿದ್ದು ಆದ್ರ ಗಾಲಿ ಹೆಚ್ಚುಕಡಿಮಿ ತಿರಗ್ತಾವು. ಹಿಂದಿನ ಗಾಲಿಗಿ ಬಲ ಕೊಡೂ ಕಪ್ಲಿಂಗ್ ಏನ್ ತಿಳ್ಕೊತೈತಿ? ಗಾಲಿ ಜಾರಾಕತ್ತೈತಿ ಅಂತ ತಿಳ್ಕೊತೈತಿ. ಜಾರದಿದ್ರೂ ಹಿಡಿತೈತಿ. ಹಿಡದು ಹಿಡದು ಒಂದಿನ ಸುಟ್ಟು ಹೋಗ್ತೈತಿ."

ನಾನು ತಲೆಯಾಡಿಸುತ್ತಿದ್ದೆ.

ಮೂರು ವರ್ಷದ ಹಿಂದಿನ ಮಳೆಗಾಲ. ಸಿರುಗುಪ್ಪದ ಹತ್ತಿರ ಹಿಂದಿನ ಎಡಗಾಲಿಯ ಟೈರು ಒಡೆಯಿತು. ಸ್ಟೆಪ್ನಿಯೂ ಬಿರುಕು ಬಿಟ್ಟಿತ್ತು. ಅಂಗಡಿಯಲ್ಲಿ ಆ ಅಳತೆಯದು ಒಂದೇ ಟೈರು ಇತ್ತು. ಉಳಿದ ಮೂರು ಎಂಟು ದಿನದಲ್ಲಿ ಬರುತ್ತವೆ, ಬಂದು ಹಾಕಿಸಿಕೊಂಡು ಹೋಗಿ ಎಂದರು. ಮರುದಿನವೇ ಮಾಲು ಕಳಿಸಬೇಕಿತ್ತು. ಒಂದನ್ನೇ ಹಾಕಿಸಿಕೊಂಡು ಬಂದೆ. ಎಂಟು ದಿನ ಹೋಗಿ ಎರಡು ತಿಂಗಳಾಯಿತು, ನಾನು ಆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಗಾಡಿ ಓಡುತ್ತಿತ್ತಲ್ಲ.

ಆಮೇಲೆ ಸದ್ದು ಶುರುವಾಯಿತು. ಹತ್ತು ಹದಿನೈದು ಕಿಲೋಮೀಟರು ಓಡಿದ ಮೇಲೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಹಿಂದುಗಡೆಯಿಂದ ನರಳಿದಂಥ ಸದ್ದು. ಯಾರೋ ಹಗ್ಗ ಕಟ್ಟಿ ಹಿಂದಕ್ಕೆ ಎಳೆದ ಹಾಗೆ ಗಾಡಿ ಬಿಗಿಯುತ್ತಿತ್ತು. ಚಾಚಾಗೆ ಫೋನು ಮಾಡಿದೆ.

"ಟೈರ್ ಏನಾದ್ರೂ ಬದಲಿ ಮಾಡಿದ್ಯೇನು?" ಅವರ ಮೊದಲ ಪ್ರಶ್ನೆಯೇ ಅದು.

"ಇಲ್ರಿ ಚಾಚಾ. ನಾಕೂ ಒಂದs ಅದಾವು."

ಯಾಕೆ ಹಾಗೆ ಹೇಳಿದೆನೋ. ಅಷ್ಟು ಸಲ ಹೇಳಿಸಿಕೊಂಡಿದ್ದ ನಾಚಿಕೆ ಇರಬೇಕು. ಸುಳ್ಳು ಬಾಯಿಂದ ತಾನಾಗಿಯೇ ಬಂತು.

ಮಾರನೆಯ ದಿನ ಮಧ್ಯಾಹ್ನ ಕುರುಗೋಡಿಗೆ ಹೋದೆ. ರಾತ್ರಿಯೆಲ್ಲ ಮಳೆ ಹೊಡೆದಿತ್ತು. ನಾಲ್ಕೂ ಗಾಲಿ ಕೆಸರಿನಲ್ಲಿ ಮುಳುಗೆದ್ದು ಒಂದೇ ಬಣ್ಣವಾಗಿದ್ದವು. ಚಾಚಾ ಒಂದು ಸುತ್ತು ಬಂದು ನೋಡಿದರು. ಗಾಡಿ ಓಡುವಾಗಷ್ಟೇ ಸದ್ದು ಬರುವುದರಿಂದ, "ನಡಿ, ಓಡಿಸಿ ಕೇಳೂಣು" ಎಂದರು. ಗಂಟು ಕೊಡುವುದು ಹೇಗೂ ಇತ್ತು, ಸಿರಿಗೇರಿಯ ಕಡೆ ಹೊರಟೆವು. ಅವರು ಪಕ್ಕದ ಸೀಟಿನಲ್ಲಿ ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ವಾಲಿಸಿ ಕೂತಿದ್ದರು. ದಾರಿಯುದ್ದಕ್ಕೂ ಒಂದು ಕೈಯಿಂದ ಎದೆ ನೀವಿಕೊಳ್ಳುತ್ತಿದ್ದರು. ನಾನು ಅದನ್ನು ನೋಡಿಯೂ ಗಮನಕ್ಕೆ ತಂದುಕೊಳ್ಳಲಿಲ್ಲ. ಅವರು ಈಗ ಗಾಲಿ ತೊಳೆಯಲು ನೀರು ಕೇಳುತ್ತಾರೆ, ಈಗ ಕೇಳುತ್ತಾರೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಸಿರಿಗೇರಿಯಲ್ಲಿ ನಮಗೆ ಗುಂಡಿ ಹಾಕಿಕೊಡುವ ಹೊಲಿಗೆಯವಳೊಬ್ಬಳ ಮನೆಯ ಮುಂದೆ ಗಾಡಿ ತಿರುಗಿಸುವಾಗ ಅದು ನರಳಿತು. ಚಾಚಾ ಕೈ ಎತ್ತಿ ನಿಲ್ಲಿಸಲು ಹೇಳಿ ಕೆಳಗಿಳಿದರು. ನೀರು ಕೇಳಲಿಲ್ಲ. ಹಿಂದಿನ ಎಡಗಾಲಿಯ ಬಳಿ ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳಿನಿಂದ ಕೆಸರು ಒರೆಸಿದರು. ಹೊಸ ಟೈರಿನ ಆಳವಾದ ಗೀರುಗಳು ಕಂಡವು. ಮುಂದಿನ ಗಾಲಿಗೆ ಹೋಗಿ ಅಲ್ಲಿಯೂ ಒರೆಸಿದರು. ಎದ್ದು ನಿಂತು ನನ್ನನ್ನು ನೋಡಿದರು. ಮುಖ ಬಿಗಿದಿತ್ತು. ಏನೋ ಹೇಳಲು ಬಾಯಿ ತೆರೆದು, ಹೇಳದೆ, ಮನೆಯ ಕಟ್ಟೆಗೆ ಹೋಗಿ ಕೂತುಬಿಟ್ಟರು.

ನನಗೆ ಭೂಮಿಗಿಳಿದು ಹೋದಂತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರತ್ತ ಹೋಗಲು ಮುಖವಿಲ್ಲದೆ ಗಂಟು ಇಳಿಸುವ ನೆಪ ಮಾಡಿ ಡಿಕ್ಕಿಯ ಹತ್ತಿರ ನಿಂತೆ. ಎಷ್ಟು ಹೊತ್ತು ನಿಂತೆನೋ, ಎರಡು ನಿಮಿಷ, ಮೂರು ನಿಮಿಷ. ಆ ನಿಮಿಷಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಹೊಲಿಗೆಯವಳೇ ಬಂದು ನನ್ನ ತೋಳು ಹಿಡಿದಳು.

"ಅಕ್ಕಾ, ಅವರು ಭಾಳ ಬೆವರಾಕತ್ತಾರ ನೋಡ್ರಿ. ಮಾತಾಡಿಸಿದ್ರ ಮಾತಾಡವಲ್ರು."

ಚಾಚಾರ ಅಂಗಿ ತೊಯ್ದು ಮೈಗೆ ಅಂಟಿತ್ತು. ಮುಖ ಬೂದಿ ಬಣ್ಣ. ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದರು.

"ಗ್ಯಾಸು," ಅಂದರು. "ಸ್ವಲ್ಪ ಕುಂತ್ರ ಹೋಗ್ತೈತಿ."

"ಗ್ಯಾಸ್ ಅಲ್ರಿ ಇದು. ಏಳ್ರಿ."

ಆಂಬುಲೆನ್ಸಿಗೆ ಫೋನು ಮಾಡಿದೆವು. ರಸ್ತೆಯ ಮೇಲೆ ಹಳ್ಳ ಹರಿಯುತ್ತಿದ್ದುದರಿಂದ ಅದು ಬಹಳ ದೂರ ಬಳಸಿ ಬರಬೇಕಿತ್ತು. ಹೊಲಿಗೆಯವಳು, ಕಾಲುವೆ ದಂಡೆಯ ಮೇಲಿನ ಮಣ್ಣಿನ ದಾರಿ ಹಿಡಿದರೆ ಹಳ್ಳ ತಪ್ಪಿಸಿ ಸಿರುಗುಪ್ಪದ ರಸ್ತೆ ಸೇರಬಹುದು ಎಂದಳು. ಮಳೆ ಬಿದ್ದಾಗಿನಿಂದ ಆ ದಾರಿಯಲ್ಲಿ ಟ್ರ್ಯಾಕ್ಟರು ಬಿಟ್ಟು ಬೇರೆ ಏನೂ ಹೋಗಿಲ್ಲ ಎಂದೂ ಹೇಳಿದಳು. ಅವಳೇ ಚಾಚಾರನ್ನು ಹಿಂದಿನ ಸೀಟಿನಲ್ಲಿ ಒರಗಿಸಿ, ಜೀನ್ಸ್ ಗಂಟೊಂದನ್ನು ಬೆನ್ನಿಗೆ ಕೊಟ್ಟು, ಪಕ್ಕದಲ್ಲಿ ಕೂತಳು.

ದಂಡೆಯ ದಾರಿ ಒಂದು ಗಾಡಿಗೆ ಆಗುವಷ್ಟೇ ಅಗಲ. ಎಡಕ್ಕೆ ತುಂಬಿ ಹರಿಯುವ ಕಾಲುವೆ, ಬಲಕ್ಕೆ ಆಳದಲ್ಲಿ ಭತ್ತದ ಗದ್ದೆ. ಗಾಡಿಯ ಹಿಂಭಾಗ ಒಮ್ಮೆ ನೀರಿನ ಕಡೆಗೆ, ಒಮ್ಮೆ ಗದ್ದೆಯ ಕಡೆಗೆ ಜಾರುತ್ತಿತ್ತು. ಆ ಕಪ್ಲಿಂಗು ಈಗಲೇ ಸತ್ತರೆ ಇಲ್ಲೇ ಹೂತುಹೋಗುತ್ತೇವೆ, ಅದನ್ನು ಕೊಂದವಳು ನಾನು. ಇದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನನ್ನ ಕಾಲು ಒಮ್ಮೆ ಬ್ರೇಕಿಗೆ, ಒಮ್ಮೆ ಆಕ್ಸಿಲರೇಟರಿಗೆ ಹಾರುತ್ತಿತ್ತು.

ಹಿಂದಿನಿಂದ ಚಾಚಾರ ದನಿ ಬಂತು, ತೀರಾ ಸಣ್ಣಗೆ. "ಎರಡನೇ ಗೇರ್ ಹಾಕು. ಕಾಲು ಅಳ್ಳಾಡಿಸಬ್ಯಾಡ. ಕೆಸರಿನ್ಯಾಗ ಕಪ್ಲಿಂಗಿಗೇನೂ ಆಗಂಗಿಲ್ಲ. ಗಾಲಿ ಜಾರ್ತಾವಲ್ಲ, ಬಿಗಿಯಂಗಿಲ್ಲ."

"ನೀವು ಮಾತಾಡಬ್ಯಾಡ್ರಿ ಚಾಚಾ."

"ಡಾಂಬರ್ ಬಂದ ಮ್ಯಾಲೆ ಕಷ್ಟ ಐತಿ."

ಎರಡನೇ ಗೇರಿನಲ್ಲಿ, ಕಾಲು ಒಂದೇ ಕಡೆ ಇಟ್ಟು ನಡೆಸಿದೆ. ಒಂದು ಕಡೆ ದಂಡೆ ಅರ್ಧ ಕುಸಿದಿತ್ತು. ಅಲ್ಲಿ ಮುಂದಿನ ಗಾಲಿಗಳೆರಡೂ ಸುಮ್ಮನೆ ತಿರುಗಿದವು. ಒಂದು ಕ್ಷಣ ಗಾಡಿ ನಿಂತೇಬಿಟ್ಟಿತು. ಹೊಲಿಗೆಯವಳು ಬಾಯಿಗೆ ಸೆರಗು ಒತ್ತಿಕೊಂಡದ್ದು ಕನ್ನಡಿಯಲ್ಲಿ ಕಂಡಿತು. ಆಮೇಲೆ ಹಿಂದಿನ ಗಾಲಿಗಳು ಹಿಡಿದವು, ಗಾಡಿ ಮೈಕೊಡವಿ ದಾಟಿತು.

ಡಾಂಬರು ರಸ್ತೆ ಕಂಡಾಗ ನನಗೆ ಅಳುವೇ ಬಂತು. ಚಾಚಾ, "ನಿಲ್ಲಿಸು" ಎಂದರು.

"ನಿಲ್ಲಿಸಂಗಿಲ್ರಿ."

"ಬೇಟಿ, ಹೊಸ ಟೈರಿನ ಗಾಳಿ ಸ್ವಲ್ಪ ಬಿಡು. ಕುಗ್ಗಿದ್ರ ಅಳತ್ಯಾಗ ಉಳದವುಕ್ಕ ಹತ್ತಿರ ಆಗ್ತೈತಿ. ಸ್ವಲ್ಪ ತಡಿತೈತಿ."

"ಗಾಡಿ ಹಾಳಾದ್ರ ಆಗ್ಲಿ ಬಿಡ್ರಿ."

"ನಡುದಾರ್ಯಾಗ ನಿಂತ್ರ ನನ್ನ ಹೊತ್ಕೊಂಡು ಹೋಗ್ತಿ ಏನು?"

ಇಳಿದೆ. ಕೆಸರಿನಲ್ಲಿ ವಾಲ್ವು ಹುಡುಕಿ ಕೀಲಿಯ ತುದಿಯಿಂದ ಒತ್ತಿ ಹಿಡಿದೆ. ಗಾಳಿ ಸುಯ್ಯನೆ ಹೊರಟಿತು. ಎಷ್ಟು ಬಿಡಬೇಕೆಂದು ಗೊತ್ತಿರಲಿಲ್ಲ. ಒಳಗಿನಿಂದ ಅವರು "ಸಾಕು" ಎಂದರು. ಬರೀ ಸದ್ದು ಕೇಳಿಯೇ ಹೇಳಿದ್ದು.

ಉಳಿದ ದಾರಿಯಲ್ಲಿ ನಲವತ್ತು ಮೀರಬೇಡ, ಸ್ಟೇರಿಂಗ್ ಪೂರ್ತಿ ತಿರುಗಿಸಬೇಡ ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು. ಸುಟ್ಟ ಎಣ್ಣೆಯ ವಾಸನೆ ಒಳಗೆ ಬರತೊಡಗಿತು. ಐದೈದು ನಿಮಿಷಕ್ಕೆ ನಾನು "ಹೆಂಗದಾರ?" ಎಂದು ಕೇಳುತ್ತಿದ್ದೆ, ಹೊಲಿಗೆಯವಳು "ಅದಾರ್ರಿ" ಎನ್ನುತ್ತಿದ್ದಳು. ಸಿರುಗುಪ್ಪದ ಆಸ್ಪತ್ರೆಯ ಗೇಟಿನಲ್ಲಿ ತಿರುಗಿಸಲೇಬೇಕಾಯಿತು. ಗಾಡಿ ಹಿಂದಿನಿಂದ ಕಿರುಚಿ, ಒಂದು ಹೊಡೆತ ಹೊಡೆದು ಬಿಗಿದು ನಿಂತಿತು. ಅಷ್ಟರಲ್ಲಿ ಸ್ಟ್ರೆಚರು ಬಂತು.

ಅಲ್ಲಿ ಇಸಿಜಿ ತೆಗೆದು ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ಬಳ್ಳಾರಿಗೆ ಕಳಿಸಿದರು. ಹೊಲಿಗೆಯವಳನ್ನು ಸಿರಿಗೇರಿಯ ಬಸ್ಸಿಗೆ ಕಳಿಸಿ, ಗಾಡಿಯನ್ನು ಅಲ್ಲೇ ಬಿಟ್ಟು ನಾನೂ ಅವರ ಜೊತೆ ಹೋದೆ. ಬಳ್ಳಾರಿಯ ಆಸ್ಪತ್ರೆಗೆ ಅವರ ಹೆಂಡತಿ, ಚಾಚಿ, ಕುರುಗೋಡಿನಿಂದ ಬಂದು ನನ್ನ ಪಕ್ಕ ಬೆಂಚಿನಲ್ಲಿ ಕೂತರು. ಒಳಗೆ ರಕ್ತನಾಳದ ಅಡ್ಡಿ ತೆಗೆದು ಸ್ಟೆಂಟ್ ಹಾಕುತ್ತಿದ್ದರು.

"ಯಾರ ಜೋಡಿಯಾದ್ರೂ ಜಗಳ ಮಾಡಿದ್ರೇನು?" ಚಾಚಿ ಕೇಳಿದರು. "ಸಿಟ್ಟು ಮಾಡ್ಕೋಬಾರದು ಅಂತ ಡಾಕ್ಟರ್ ಹ್ವಾದ ವರ್ಷ ಹೇಳಿದ್ರು."

ಏನೂ ಇಲ್ಲ ಎನ್ನಬಹುದಿತ್ತು. ಇನ್ನೊಂದು ಸುಳ್ಳಿಗೆ ನಾಲಿಗೆ ಏಳಲಿಲ್ಲ. ಟೈರಿನದು, ಫೋನಿನದು, ಡಿಕ್ಕಿಯ ಹತ್ತಿರ ಸುಮ್ಮನೆ ನಿಂತದ್ದು, ಎಲ್ಲ ಹೇಳಿದೆ. ಅವರು ಬುರ್ಖಾದ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡರು.

"ನಾಕು ದಿನದಿಂದ ಎದಿ ಹಿಡದಂಗ ಆಗ್ತೈತಿ ಅನ್ನಾಕತ್ತಿದ್ರು," ಹೇಳಿದರು. "ನಾ ಜೀರಗಿ ನೀರು ಕಾಸಿ ಕೊಟ್ಟೆ. ಗ್ಯಾಸು ಅಂದೆ. ನೀ ಮಾಡಿದ್ದು ನಿನ್ ಕಡಿ ಇರ್ಲಿ, ನಾ ಮಾಡಿದ್ದು ನನ್ ಕಡಿ ಐತಿ."

ಆಮೇಲೆ ಚೀಲದಿಂದ ಬನ್ನು ತೆಗೆದು ಅರ್ಧ ಮುರಿದು ನನ್ನ ಕೈಗಿಟ್ಟರು. ನನ್ನ ಕೈಯಲ್ಲಿ ಇನ್ನೂ ಎರೆ ಮಣ್ಣು ಒಣಗಿ ಹಿಡಿದಿತ್ತು. ಹಾಗೇ ತಿಂದೆ.

ಮೂರನೆಯ ದಿನ ವಾರ್ಡಿನಲ್ಲಿ ಚಾಚಾರ ಎದುರು ನಿಂತು, ತಪ್ಪಾಯಿತು ಎಂದೆ. ಅವರು ಕೈಯಲ್ಲಿ ಚುಚ್ಚಿದ್ದ ಸೂಜಿಯನ್ನು ನೋಡುತ್ತಿದ್ದರು.

"ಸಿಟ್ಟು ಬಂದಿದ್ದು ಖರೆ. ಬೈಬೇಕಂತ ಬಾಯಿ ತೆರದೆ. ಉಸಿರs ಬರ್ಲಿಲ್ಲ." ಸೂಜಿಯಿಂದ ಕಣ್ಣೆತ್ತಿ ಕೇಳಿದರು, "ಗಾಡಿ ಎಲ್ಲಿ ಐತಿ?"

ಭಾರ ಎತ್ತಬಾರದು, ಗಾಡಿಯ ಅಡಿಗೆ ಹೋಗಬಾರದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಗಾಡಿಯನ್ನು ಎಳೆಸಿಕೊಂಡು ಕುರುಗೋಡಿಗೆ ತಂದು ಬಿಚ್ಚಿಸಿದಾಗ ಹಿಂದಿನ ಕಪ್ಲಿಂಗಿನ ಒಳಗಿನ ತಟ್ಟೆಗಳು ಸುಟ್ಟು ನೀಲಿಯಾಗಿದ್ದವು. ಆ ಭಾಗ ಹೊಸದು ಎಲ್ಲೂ ಸಿಗುವುದಿಲ್ಲ. ಹೈದರಾಬಾದಿನ ಗುಜರಿ ಅಂಗಡಿಯೊಂದರಿಂದ ಹಳೆಯದನ್ನು ತರಿಸುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಕುರುಗೋಡಿನ ಶೆಡ್ಡಿನಲ್ಲಿ ಚಾಚಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳಿದಂತೆ ಇನ್ನೊಬ್ಬ ಮೆಕ್ಯಾನಿಕ್ ಅದನ್ನು ಕೂಡಿಸಿದ. ಎಣ್ಣೆ ಹಾಕುವ ಕೆಲಸ ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಗಾಡಿಯ ಅಡಿಯಲ್ಲಿ ಮಲಗಿ, ಮೊಣಕೈಯವರೆಗೆ ಎಣ್ಣೆ ಇಳಿಸಿಕೊಂಡು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಚಾಚಾ ಎರಡು ಸಲ ಕುರ್ಚಿಯಿಂದ ಎದ್ದರು, ಎರಡು ಸಲವೂ ಚಾಚಿ ಒಳಗಿನಿಂದ ಕೂಗಿ ಕೂರಿಸಿದರು.

ಸಂಜೆ, ನಾಲ್ಕೂ ಗಾಲಿಗೆ ಹೊಸ ಟೈರು ಹಾಕಿಸಿ, ಪರೀಕ್ಷೆಗೆಂದು ಇಬ್ಬರೇ ಬಳ್ಳಾರಿ ರಸ್ತೆಗೆ ಹೊರಟೆವು. ತಿರುವಿನಲ್ಲಿ ಪೂರ್ತಿ ತಿರುಗಿಸಿದೆ. ಯಾವ ಸದ್ದೂ ಇಲ್ಲ. ಅವರತ್ತ ನೋಡಿದರೆ ತಲೆ ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದ್ದರು. ವೇಗ ತಗ್ಗಿಸಿ ಅವರ ಅಂಗಿಯ ಗುಂಡಿಗಳನ್ನೇ ನೋಡಿದೆ, ಏಳುತ್ತ ಇಳಿಯುತ್ತ ಇವೆಯೋ ಇಲ್ಲವೋ ಎಂದು. ಮತ್ತೆ ನೋಡಿದೆ.

"ರಸ್ತಾ ನೋಡು ಬೇಟಿ," ಕಣ್ಣು ತೆರೆಯದೆಯೇ ಚಾಚಾ ಹೇಳಿದರು.